ಒದ್ದೆ ಕರವಸ್ತ್ರ ಮತ್ತು ಕಾವಿ ಬಣ್ಣದ ಕುಣಿತ

ಬೆಂಗಳೂರಿನ ವಿಜಯನಗರದಿಂದ ಮೆಟ್ರೊದಲ್ಲಿ ಮೆಜೆಸ್ಟಿಕ್, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಗಂಗಾವತಿ. ಬೆಳಿಗ್ಗೆ ಇಳಿದಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಹೋಗಿಬರಲು ನಾನೂರು ರೂಪಾಯಿಗೆ ಆಟೊ ಗೊತ್ತುಮಾಡಿಕೊಂಡು, ನಾನೂ ಅಮ್ಮನೂ ಗುಡ್ಡದ ಬುಡ ತಲುಪಿದೆವು. ಆದಿಮಾನವರ ಗುಹಾಚಿತ್ರಗಳನ್ನು ಕಂಡು ಬಂದು, ಪರಂಪರೆಯ ರಕ್ಷಣೆ ಕುರಿತು ನಮ್ಮ ಬಡಾವಣೆಯ ಯುವಕರೆದುರು ಮಾತನಾಡಲು ನಾನು ಒಪ್ಪಿಕೊಂಡಿದ್ದೆ.

ಅರ್ಧ ಗುಡ್ಡ ಹತ್ತಿದರೆ, ಚಾಚಿದ ಬಂಡೆಯ ಕೆಳಗೆ, ಕಾವಿ ಬಣ್ಣದಲ್ಲಿ, ಗೂಳಿಗಳು, ಬಿಲ್ಲು ಹಿಡಿದವರು, ಕೈ ಕೈ ಹಿಡಿದು ಕುಣಿಯುವವರ ಒಂದು ಸಾಲು. ಬೇಟೆ ಹೊಟ್ಟೆಗಾಗಿ; ಕುಣಿತ ಯಾವುದಕ್ಕಾಗಿ? ಹಸಿವು ತೀರಿದ ಮೇಲೂ ಮನುಷ್ಯನಿಗೆ ಮನುಷ್ಯ ಬೇಕಾಗಿದ್ದನೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ ಎಂದು ಭಾಷಣದ ಧಾಟಿಯಲ್ಲಿ ವಿವರಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮ ಚೀಲದಿಂದ ಕುಂಕುಮದ ಭರಣಿ ತೆಗೆದು, ಕೊನೆಯ ಆಕೃತಿಯ ಪಾದದ ಕೆಳಗೆ ಒಂದು ಬೊಟ್ಟು ಇಟ್ಟಾಗಿತ್ತು.

"ನಮ್ ಹಿರೀಕರು ಕಣೋ. ಸುಮ್ನೆ ನೋಡ್ಕೊಂಡು ಹೋಗೋಕಾಗುತ್ತಾ?" ಎಂದಳು.

ಹಿಂದೆ ಬೆಂಗಳೂರಿನವರೇ ಇಬ್ಬರು ತರುಣರಿದ್ದರು. "ಮಂಗಳಾರತಿ ಎಷ್ಟೊತ್ತಿಗೆ ಆಂಟಿ?" ಎಂದ ಒಬ್ಬ. "ಸುಮ್ನಿರೋ ಮಗಾ, ಆಮೇಲೆ ಪ್ರಸಾದ ಸಿಗಲ್ಲ" ಎಂದ ಇನ್ನೊಬ್ಬ. ನಗುತ್ತ ಮುಂದೆ ಹತ್ತಿದರು.

ನನ್ನ ಮುಖ ಬಿಸಿಯಾಯಿತು. "ನಿನ್ನಂಥವರಿಂದಲೇ ಅಮ್ಮ ಇವೆಲ್ಲ ಹಾಳಾಗೋದು! ಇದು ದೇವಸ್ಥಾನ ಅಲ್ಲ" ಎಂದು ಅವರಿಗೂ ಕೇಳಿಸುವಂತೆ ಗದರಿದೆ. ಕರವಸ್ತ್ರವನ್ನು ಬಾಟಲಿಯ ನೀರಿನಲ್ಲಿ ನೆನೆಸಿ ಉಜ್ಜಿದೆ. ಕುಂಕುಮ ಹೋಯಿತು. ಜೊತೆಗೆ ಆ ಆಕೃತಿಯ ಒಂದು ಕಾಲು ಮೊಣಕಾಲಿನವರೆಗೆ ಹೋಯಿತು. ಅಮ್ಮ ಬೊಟ್ಟಿಟ್ಟದ್ದು ಬರಿಯ ಬಂಡೆಗೆ. ಚಿತ್ರವನ್ನು ಮುಟ್ಟಿದವನು ನಾನೊಬ್ಬನೇ.

ಅಲ್ಲಿನ ಕಾವಲುಗಾರ ಬಂದು ಒದ್ದೆ ಬಂಡೆ ನೋಡಿ ಬೆಚ್ಚಿದ. "ಯಾರ್ರಿ ಇದನ್ನ ಒರಸಿದವ್ರು?"

"ನಾನೇ ಕಣಪ್ಪ. ಕುಂಕುಮ ಇಟ್ಬಿಟ್ಟೆ, ತಪ್ಪಾಯ್ತು" ಎಂದು ಅಮ್ಮ ಕೈಮುಗಿದಳು. ನನ್ನ ಕಡೆ ನೋಡಲಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗೆ ಉಸಿರಾಡಲು ಬಿಡದಿದ್ದ ನಾನು ತಡವರಿಸಿದೆ. "ಇಲ್ಲ, ಒರೆಸಿದ್ದು ನಾನು. ಅಮ್ಮಂದೇನೂ ತಪ್ಪಿಲ್ಲ" ಎಂದೆ.

ಆತ ಅಮ್ಮನ ಕೈಯ ಭರಣಿಯನ್ನು, ಬಳಿಕ ನನ್ನನ್ನು ನೋಡಿದ. ದನಿ ಮೆತ್ತಗಾಯಿತು. "ತಾಯಿ ಮ್ಯಾಲ ತಪ್ಪು ಬರಬಾರ್ದಂತ ಹೇಳಾಕತ್ತೀರಿ, ಗೊತ್ತಾತು ಬಿಡ್ರಿ ಸರ. ಯಮ್ಮಾ, ಇನ್ನೊಮ್ಮೆ ಮುಟ್ಟಬ್ಯಾಡ್ರಿ."

"ಆಯ್ತಪ್ಪ" ಎಂದಳು ಅಮ್ಮ.

ನಮ್ಮನ್ನು ಕೆಳಗಿನವರೆಗೆ ಬಿಡಲು ಬಂದ ಆತ, ಕಾಯುತ್ತಿದ್ದ ಆಟೊದವನಿಗೆ ನನ್ನನ್ನು ತೋರಿಸಿ, "ಮಗ ಅಂದ್ರ ಹಿಂಗಿರಬೇಕು ನೋಡು" ಎಂದು ನಡೆದುದನ್ನೆಲ್ಲ ಹೇಳತೊಡಗಿದ. ಅಮ್ಮ ತಲೆತಗ್ಗಿಸಿ ಕೇಳಿಸಿಕೊಂಡಳು. ಒಮ್ಮೆ ಹೇಳಿದ್ದ ನಿಜವನ್ನು ನಾನು ಎರಡನೆಯ ಸಲ ಹೇಳಲಿಲ್ಲ.