ರಬ್ಬರೋ ಗಾಳಿಯೋ

ಆಮೆಯ ಬಲಭುಜಕ್ಕೆ ಏನೂ ಆಗಿರಲಿಲ್ಲ. ಆದರೂ ಅವನ ಅತ್ತೆ ದಿನಾ ಬೆಳಗ್ಗೆ ಬಿಸಿ ಎಣ್ಣೆ ತಂದು, ಇಲ್ಲದ ನೋವನ್ನು ಹುಡುಕಿ ಹುಡುಕಿ ತಿಕ್ಕುತ್ತಿದ್ದಳು. ಅವಳ ಹೆಬ್ಬೆರಳು ಮೂಳೆಸಂದಿಗೆ ಹೊಕ್ಕಾಗ ಆಮೆ "ಅಮ್ಮಾ" ಎಂದು ನರಳುತ್ತಿದ್ದ. ಆ ಇಡೀ ನಾಟಕದಲ್ಲಿ ಆ ನರಳಾಟವೊಂದೇ ನಿಜ.

ಆಮೆ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬಂದರಿನವರು ಅಂಟಿಸಿದ್ದು. ಉಸಿರು ಬಿಗಿಹಿಡಿದು ಸಮುದ್ರದ ತಳದ ಬಂಡೆಗಳವರೆಗೆ ಇಳಿದು, ಈಟಿ ಬಂದೂಕಿನಿಂದ ಮೀನು ಹೊಡೆದು ತರುವುದು ಅವನ ಕಸುಬು. ಅವನು ಇಳಿದರೆ ದೋಣಿಯವರು ಕಥೆ ಮುಗಿಯಿತು ಎಂದುಕೊಳ್ಳುವ ಹೊತ್ತಿಗೆ ಮೇಲೆ ಬರುತ್ತಿದ್ದ, ಅಷ್ಟು ಉದ್ದದ ಉಸಿರು. ಜೊತೆಗಾರ ಹೆಂಡತಿಯ ಅಣ್ಣ. ಇಬ್ಬರೂ ಒಟ್ಟಿಗೆ ಮುಳುಗುವಂತಿಲ್ಲ. ಒಬ್ಬ ಕೆಳಗಿದ್ದರೆ ಇನ್ನೊಬ್ಬ ಮೇಲೆ ತೇಲುತ್ತಾ, ಮುಖ ನೀರಲ್ಲಿಟ್ಟು ಅವನನ್ನೇ ಕಾಯಬೇಕು; ಕೆಳಗಿನವನು ಒದ್ದಾಡಿದರೆ ಇಳಿದು ಹೋಗಿ ಎಳೆದು ತರಬೇಕು. ಈ ಕಸುಬಿನಲ್ಲಿ ಇರುವ ಕಟ್ಟಳೆ ಇದೊಂದೇ. ಒಬ್ಬನೇ ಹೋಗುವ ಶೂರರೂ ಇದ್ದರು. ಈಗ ಇಲ್ಲ.

ಹೋದ ತಿಂಗಳು ಆಮೆ ಒಂದು ದೊಡ್ಡ ಮೀನಿಗೆ ಹೊಡೆದ. ಈಟಿ ನಾಟಿದ ಮೀನು ಬಂಡೆಯ ಪೊಟರೆಗೆ ನುಗ್ಗಿತು. ಈಟಿಗೆ ಕಟ್ಟಿದ ದಾರ ಅವನ ಮಣಿಕಟ್ಟಿಗೆ ಸುತ್ತಿಕೊಂಡು ಅವನನ್ನೂ ಒಳಗೆಳೆಯಿತು. ತಲೆ, ಹೆಗಲು ಒಳಗೆ, ಕಾಲೆರಡೂ ಹೊರಗೆ. ಎದೆಗೂ ಬಂಡೆ, ಬೆನ್ನಿಗೂ ಬಂಡೆ. ಸೊಂಟದ ಚಾಕು ಕೈಗೆ ಸಿಗುವಷ್ಟರಲ್ಲಿ ಕಣ್ಣು ಕತ್ತಲೆಗಟ್ಟುತ್ತಿತ್ತು. ಹೇಗೋ ದಾರ ಕೊಯ್ದು, ಬಂದೂಕನ್ನು ಅಲ್ಲೇ ಬಿಟ್ಟು ಮೇಲೆ ಬಂದ. ಏನಾಯಿತು ಎಂದು ಭಾವ ಕೇಳಿದಾಗ, "ಭುಜ ಉಳುಕಿಬಿಡ್ತು ಭಾವ, ಬಂದೂಕು ಕೈ ಜಾರ್ತು" ಎಂದ.

ಅಂದಿನಿಂದ ಮುಖ ತೊಳೆಯುವಾಗ ನೀರು ಮೂಗಿಗೆ ತಾಗಿದರೂ ಬೆಚ್ಚಿ ಚೊಂಬು ಕೆಳಗಿಡುತ್ತಿದ್ದ. ಇದನ್ನು ಯಾರಿಗೆ ಹೇಳುವುದು? ಅವನ ಮನೆಯೂ ಭಾವನ ಮನೆಯೂ ಆ ಎರಡು ಉಸಿರಿನ ಮೇಲೆ ನಿಂತಿದ್ದವು. ಭುಜ ಉಳುಕಿದೆ ಎಂದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಹೆದರಿಕೆ ಎಂದರೆ ನಗುತ್ತಾರೆ.

ಸುಳ್ಳು ಚೆನ್ನಾಗಿಯೇ ನಡೆಯುತ್ತಿತ್ತು. ಅವನು ಬಳಸುತ್ತಿದ್ದದ್ದು ರಬ್ಬರ್ ಬಂದೂಕು. ಅದರ ಬುಡವನ್ನು ಎದೆಗೊತ್ತಿ, ದಪ್ಪ ರಬ್ಬರ್ ಪಟ್ಟಿಯನ್ನು ಎರಡೂ ಕೈಯಲ್ಲಿ ಎಳೆದು ಈಟಿಯ ಕಚ್ಚಿಗೆ ಸಿಕ್ಕಿಸಬೇಕು. ಉಳುಕಿದ ಭುಜದವನಿಂದ ಅದು ಆಗದ ಮಾತು. ಆಮೆ ಹಾಯಾಗಿ ಜಗಲಿಯ ಮೇಲೆ ಕೂತಿದ್ದ. ಅಷ್ಟರಲ್ಲಿ ಹೆಂಡತಿಗೆ ಎಲ್ಲಿಂದಲೋ ಗಾಳಿ ಬಂದೂಕಿನ ಸುದ್ದಿ ಸಿಕ್ಕಿತು.

"ಅದಕ್ಕೆ ರಬ್ಬರೇ ಇಲ್ವಂತೆ ಕಣ್ರೀ! ಒಳಗೆ ಗಾಳಿ ತುಂಬಿರುತ್ತಂತೆ. ಈಟೀನ ಬಾಯಿಂದ ಒಳಗೆ ನೂಕಿದ್ರೆ ಆಯ್ತಂತೆ, ಎಳೆಯೋ ಕೆಲಸಾನೇ ಇಲ್ಲ." ಗಂಡನಿಗಾಗಿ ದಾರಿ ಹುಡುಕಿದ ಖುಷಿಯಲ್ಲಿ ಅವಳ ಮುಖ ಅರಳಿತ್ತು.

ಮಾರನೆಯ ದಿನವೇ ಭಾವ ಅವನನ್ನು ಅಂಗಡಿಗೆ ಎಳೆದುಕೊಂಡು ಹೋದ. ಅಂಗಡಿಯಾಕೆ ಬಾಯಿಬಡುಕಿ, ಎರಡು ಬಗೆಯ ಬಂದೂಕನ್ನೂ ಮೇಜಿನ ಮೇಲೆ ಹರಡಿ ಕೂತಳು.

"ಗಾಳಿ ಬಂದೂಕು ಕೆಟ್ರೆ ಮನೇಲಿ ರಿಪೇರಿ ಆಗಲ್ಲ" ಎಂದ ಆಮೆ. "ಒಂದು ಹರಳು ಮರಳು ಒಳಗೆ ಹೋದ್ರೂ ಗಾಳಿ ಸೋರುತ್ತೆ. ರಬ್ಬರ್ ಆದ್ರೆ ಹರಿದ್ರೆ ಬೇರೆ ಹಾಕ್ಕೊಂಡು ಹೋಗ್ತಿರಬಹುದು."

"ಹಾಗಾದ್ರೆ ರಬ್ಬರ್ದೇ ತಗೊಳ್ಳಿ. ತೆಳು ಪಟ್ಟಿ ಹಾಕ್ಕೊಡ್ತೀನಿ, ಮಕ್ಕಳೂ ಎಳೀಬಹುದು."

ಆಮೆ ತಟ್ಟನೆ ತಿರುಗಿಬಿದ್ದ. "ತೆಳು ರಬ್ಬರಿಗೆ ಮೀನು ಸಾಯುತ್ತಾ? ಕಚಗುಳಿ ಆಗುತ್ತೆ ಅಷ್ಟೆ. ಬಿಸಿಲಿಗೆ ಬೇರೆ ಬಿರಿಯುತ್ತೆ."

"ಅಂದ್ರೆ ಗಾಳೀದು!" ಎಂದಳು ಆಕೆ. "ನೋಡಿ, ಎಷ್ಟು ಗಿಡ್ಡ ಇದೆ. ಬಂಡೆ ಪೊಟರೆ ಒಳಗೆ ಕೈಹಾಕಿ ಹೊಡೆಯೋಕೆ ಇದಕ್ಕಿಂತ ಬೇಕಾ?"

ಪೊಟರೆ ಎಂದೊಡನೆ ಆಮೆ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಯಾವ ಕಡೆ ಹೊರಳಿದರೂ ಒಂದು ಬಂದೂಕು ಅವನನ್ನು ನೋಡುತ್ತಿತ್ತು. ಭಾವ ಇವನ ಮುಖವನ್ನೇ ದಿಟ್ಟಿಸುತ್ತಿದ್ದ.

"ಇದಕ್ಕೆ ಈಟಿ ತುಂಬಿಸಿ ನೋಡಿ, ಆಮೇಲೆ ಹೇಳಿ" ಎಂದು ಅಂಗಡಿಯಾಕೆ ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ತೊಡೆಮಟ್ಟದ ನೀರಿನ ಸಿಮೆಂಟ್ ತೊಟ್ಟಿ, ಅದರ ಆ ತುದಿಗೆ ಗುರಿಗೆಂದು ಮರಳುಚೀಲ.

ಆಮೆ ಒಳಗೊಳಗೇ ಹಿಗ್ಗಿದ. ಇನ್ನೇನು ಬೇಕು? ಅರ್ಧ ನೂಕುವುದು, ಅಯ್ಯಪ್ಪಾ ಎಂದು ಕೈಬಿಡುವುದು. ಇದೂ ಆಗಲ್ಲ ಎಂದು ಎಲ್ಲರ ಎದುರೇ ತೀರ್ಮಾನವಾಗಿಬಿಡುತ್ತದೆ. ತೊಟ್ಟಿಗಿಳಿದು ಬಂದೂಕಿನ ಬುಡವನ್ನು ತೊಡೆಗೆ ಊರಿ, ಬಲಗೈಯಲ್ಲಿ ಈಟಿಯನ್ನು ಕೊಳವೆಯೊಳಗೆ ನೂಕತೊಡಗಿದ.

ಅವನು ಎಡವಿದ್ದು ಇಲ್ಲೇ. ಹುಟ್ಟಾ ರಬ್ಬರ್ ಬಂದೂಕಿನವನು. ರಬ್ಬರನ್ನು ಅರ್ಧ ಎಳೆದು ಕೈಬಿಟ್ಟರೆ ಅದು ಮುಂದಕ್ಕೆ ಸರಿದು ಸುಮ್ಮನಾಗುತ್ತದೆ, ಎಳೆದವನಿಗೆ ಏನೂ ಆಗುವುದಿಲ್ಲ. ಗಾಳಿ ಬಂದೂಕು ಹಾಗಲ್ಲ. ಈಟಿ ಅರ್ಧ ಹೋದಾಗ ಒಳಗಿನ ಗಾಳಿ ಅದುಮಿಕೊಂಡು ಕೈಯನ್ನು ವಾಪಸು ಒದೆಯತೊಡಗಿತು. ಈಟಿಯ ಮೊನೆ ನೇರ ಅವನ ಗದ್ದದ ಕೆಳಗಿತ್ತು.

"ಅರ್ಧದಲ್ಲಿ ಬಿಡಬೇಡಿ!" ಅಂಗಡಿಯಾಕೆ ಕಿರುಚಿದಳು. "ಬಿಟ್ರೆ ಗಂಟಲಿಗೇ ಬರುತ್ತೆ!"

ಬಿಡುವಂತಿಲ್ಲ. ಹಾಗೇ ಹಿಡಿದು ನಿಲ್ಲುವಂತೆಯೂ ಇಲ್ಲ. ಆಮೆ ಹಲ್ಲು ಕಚ್ಚಿ, ಆ ನೊಂದ ಬಲಭುಜದ ಪೂರ್ತಿ ಬಲ ಹಾಕಿ ನೂಕಿದ. ಟಕ್ ಎಂದು ಈಟಿ ಕೂತುಬಿಟ್ಟಿತು. ತಿರುಗಿ ಮರಳುಚೀಲಕ್ಕೆ ಹೊಡೆದು ಬಂದೂಕನ್ನು ಬರಿದು ಮಾಡಿದ.

"ಭೇಷ್! ಗಟ್ಟಿಮುಟ್ಟು ಗಂಡಸರೇ ಎಷ್ಟೋ ಜನರಿಗೆ ಮೊದಲ ಸಲಕ್ಕೆ ನೂಕೋಕಾಗಲ್ಲ" ಎಂದಳು ಅಂಗಡಿಯಾಕೆ. ಭಾವ ಒಳಗೆ ಹೋಗಿ ಗಾಳಿ ಬಂದೂಕನ್ನು ಕಟ್ಟಿಸಿಕೊಂಡು ಬಂದ.

ಬಂದರಿನ ಗೋಡೆಯ ಪಕ್ಕ ಇಬ್ಬರೂ ನಡೆದರು. ಆಮೆಗೆ ಉಳಿದಿದ್ದು ಒಂದೇ ಬಾಗಿಲು. ನಿಜ ಹೇಳಿಬಿಟ್ಟರೆ ಬೈಯುತ್ತಾರೆ, ಆದರೆ ಬಿಟ್ಟುಬಿಡುತ್ತಾರೆ.

"ಭಾವ, ನನ್ನ ಭುಜಕ್ಕೆ ಏನೂ ಆಗಿಲ್ಲ."

"ಗೊತ್ತು ಕಣೋ. ಅವತ್ತಿಂದಲೂ ಗೊತ್ತು."

ಆಮೆ ನಿಂತುಬಿಟ್ಟ. "ಗೊತ್ತಿದ್ದೂ ಇದನ್ನ ಯಾಕೆ ಕೊಂಡ್ರಿ?"

ಭಾವ ಕಟ್ಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದ. ಇವನತ್ತ ನೋಡಲಿಲ್ಲ. "ಮೇಲಿಂದ ನೋಡ್ತಾನೇ ಇದ್ದೆ. ನಿನ್ನ ಕಾಲು ಒದ್ದಾಡ್ತಿತ್ತು. ಇಳೀಬೇಕು ಅಂದ್ಕೊಂಡೆ, ಮೈ ಏಳ್ಲಿಲ್ಲ. ನೀನು ಚಾಕು ತೆಗೆಯೋವರೆಗೂ ಹಾಗೇ ತೇಲ್ತಾ ಇದ್ದೆ."

ಆಮೆಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆ ಬಂಡೆಯ ತಣ್ಣನೆಯ ಒತ್ತಡ, ಎದೆಗೂ ಬೆನ್ನಿಗೂ.

"ನೀನು ಬರೋದಿಲ್ಲ ಅಂದ್ರೂ ನಾನು ಹೋಗ್ಲೇಬೇಕಲ್ಲ, ಎರಡು ಮನೆ ಇದೆ" ಎಂದ ಭಾವ. "ಒಬ್ಬನೇ ಹೋಗ್ತೀನಿ. ನೀನು ಮೇಲಿದ್ರೆ ಮಾತ್ರ ನನಗೆ ಧೈರ್ಯ, ಇದಿದ್ರೆ ನೀನು ಬರ್ತೀಯ ಅಂತ ಕೊಂಡೆ. ನನ್ನ ಜಾಗದಲ್ಲಿ ನೀನಿದ್ದಿದ್ರೆ ಇಳಿದು ಬರ್ತಿದ್ದೆ ಕಣೋ, ಅದು ನನಗೆ ಗೊತ್ತು."

ಹೌದು, ತಾನಾಗಿದ್ದರೆ ಇಳಿದು ಹೋಗುತ್ತಿದ್ದ. ಅದು ಆಮೆಗೂ ಗೊತ್ತಿತ್ತು. ತನಗಾಗಿ ಇಳಿದು ಬರುವವರು ಯಾರೂ ಇಲ್ಲ ಎಂಬುದೂ ಈಗ ಗೊತ್ತಾಗಿತ್ತು. ಕೈ ಚಾಚಿ ಭಾವನ ಕಂಕುಳಿಂದ ಕಟ್ಟನ್ನು ತೆಗೆದುಕೊಂಡ.

"ನಾಳೆ ಎಷ್ಟೊತ್ತಿಗೆ ಹೊರಡೋದು?" ಎಂದು ಕೇಳಿದ.