ಒಂದೇ ಅಚ್ಚಿನ ಫಿಲ್ಟರು

ತೂತು ಕಟ್ಟಿಕೊಳ್ಳಬಹುದು. ಡಿಕಾಕ್ಷನ್ನಿಗೆ ತಗಡಿನ ವಾಸನೆ ಹತ್ತಬಹುದು. ಕುದಿಯುವ ನೀರಿಗೆ ಬುಡ ಬಿರುಕು ಬಿಡಬಹುದು. ಚಿಕ್ಕಪೇಟೆಯ ಪಾತ್ರೆ ಅಂಗಡಿ ಸಾಹುಕಾರರು ಆ ದಿನ ಬಾರದಿರಬಹುದು. ಬಂದರೂ ಕಾಫಿ ಕುಡಿಯದವರಾಗಿರಬಹುದು. ಬಸ್ಸಿನಲ್ಲಿ ಯಾರಾದರೂ ಅದರ ಮೇಲೆ ಕೂತುಬಿಡಬಹುದು...

ಮೊನ್ನೆ ಅಟ್ಟದಿಂದ ಹಿತ್ತಾಳೆಯ ಕಾಫಿ ಫಿಲ್ಟರೊಂದನ್ನು ಇಳಿಸಿದಾಗ ಅದರೊಳಗಿಂದ ಹಳೆಯ ಚಿಕೋರಿ ವಾಸನೆ ಬಂತು. ಹಿಂದೆಯೇ ನನ್ನ ಈ ಚಿಂತೆಗಳೆಲ್ಲ ಸಾಲಾಗಿ ಬಂದವು.

ಅದನ್ನು ಮಾಡಿದವರು ತ್ಯಾಗರಾಜನಗರದ ನಮ್ಮ ಮನೆ ಓನರು. ಐವತ್ತರ ದಶಕದ ಕೊನೆಯ ಮಾತು. ಹಿತ್ತಿಲ ಔಟ್‌ಹೌಸಿನಲ್ಲಿ ಬಾಡಿಗೆಗೆ ನಾನು, ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ಅವರು. ಕಾರ್ಖಾನೆಯ ಡ್ರಾಯಿಂಗ್ ಆಫೀಸಿನ ಕೆಲಸ ಬಿಟ್ಟು, ಸುಲಭವಾಗಿ, ಅಗ್ಗವಾಗಿ ತಯಾರಾಗುವ ಸಾಮಾನುಗಳ ಹಿಂದೆ ಬಿದ್ದಿದ್ದರು. ಫಿಲ್ಟರು ಮಾಡುವವರಿಗೆಲ್ಲ ಮೇಲಿನ ಪಾತ್ರೆಗೊಂದು ಅಚ್ಚು, ಕೆಳಗಿನದಕ್ಕೊಂದು. ಇವರು ಎರಡಕ್ಕೂ ಒಂದೇ ಸಾಕು ಎಂದರು. ಬಾಯಿ ಅಗಲ, ಬುಡ ಕೊಂಚ ಕಿರಿದು. ಒಂದಕ್ಕೆ ತೂತು ಹೊಡೆದು ಇನ್ನೊಂದರ ಬಾಯಿಗಿಟ್ಟರೆ ಅರ್ಧ ಇಳಿದು ಕೂರುತ್ತದೆ. ಬೆಸುಗೆಯಿಲ್ಲ, ಹಿಡಿಯಿಲ್ಲ.

"ಸ್ಟವ್ ಆಯ್ತು, ಈಳಿಗೆಮಣೆ ಆಯ್ತು. ಇದೇ ಕೊನೆ," ಎಂದಿದ್ದರು ಅವರ ಹೆಂಡತಿ. "ಸಾಹುಕಾರ್ರು ಬೇಡ ಅಂದ್ರೆ ಶೆಡ್ಡಿಗೆ ಬೀಗ. ತಿಪಟೂರಲ್ಲಿ ನನ್ನ ತಮ್ಮನ ಕೊಬ್ಬರಿ ಮಂಡಿ ನೋಡ್ಕೊಳ್ಳಿ."

ಓನರು "ಊಂ" ಅಂದರು.

ಸಾಹುಕಾರರಿಗೆ ತೋರಿಸುವ ಹಿಂದಿನ ಸಂಜೆ ನನ್ನನ್ನು ಶೆಡ್ಡಿಗೆ ಕರೆದರು. "ಹೆದರೋದ್ರಲ್ಲಿ ನಿಮ್ಮಷ್ಟು ಗಟ್ಟಿಗರು ಈ ಬೀದೀಲೇ ಇಲ್ಲ ಕಣ್ರೀ. ಏನೇನು ಕೆಡಬಹುದು, ಹೇಳ್ತಾ ಹೋಗಿ."

ಜೀವನದಲ್ಲಿ ನನಗೆ ಸಿಕ್ಕ ಏಕೈಕ ತಾಂತ್ರಿಕ ಹುದ್ದೆ. ನಾನು ಹೇಳುತ್ತಾ ಹೋದೆ, ಅವರು ಒಂದೊಂದನ್ನೂ ಪರೀಕ್ಷಿಸಿದರು. ಕಾಫಿ ಇಳಿಸಿದರು, ಬಿಡಿಸಿದರು, ತೊಳೆದು ಮತ್ತೆ ಇಳಿಸಿದರು. ಹಸುಗೂಸನ್ನು ಮಲಗಿಸುವ ಹಾಗೆ ಮೇಲಿನದನ್ನು ಕೆಳಗಿನದರಲ್ಲಿ ಇಡುತ್ತಿದ್ದರು.

ಮರುದಿನ ಸಾಹುಕಾರರು ಅಂಗಡಿಯಲ್ಲೇ ಇದ್ದರು. ಕಾಫಿ ಕುಡಿಯುವವರೇ. ಪಾತ್ರೆ ಅಂಗಡಿಯವರ ಅಭ್ಯಾಸವಲ್ಲವೆ, ಪುಡಿ ತುಂಬಿದ ಫಿಲ್ಟರಿನ ನೆತ್ತಿಗೆ ಅಂಗೈಯಿಂದ ಪಟಪಟ ಬಡಿದು, "ಗಟ್ಟಿ ಇದೆಯಲ್ರೀ!" ಎಂದರು. ಓನರ ಮುಖ ಅರಳಿತು. ಬಿಸಿನೀರು ಹೊಯ್ದರು. ತೊಟ್ಟಿಕ್ಕುವ ಸದ್ದು ಕೇಳಿತು, ಅಂಗಡಿಯೆಲ್ಲ ಘಮ್ಮೆಂದಿತು. ಹಾಲು ಬಂತು, ಲೋಟ ಬಂತು. ಮೇಲಿನ ಪಾತ್ರೆ ಮಾತ್ರ ಬರಲಿಲ್ಲ.

ಓನರು ಎಳೆದರು, ನಾನು ಎಳೆದೆ, ಅಂಗಡಿ ಆಳು ಎಳೆದ. ಒದ್ದೆ ಬಟ್ಟೆ ಸುತ್ತಿ ತಿರುಗಿಸಿದೆವು. "ಕಾಫಿ ಒಳಗೆ, ನಾವು ಹೊರಗೆ!" ಎಂದು ಸಾಹುಕಾರರು ನಕ್ಕರು.

"ಮನೇಲಿ ಹೀಗಾಗ್ಲಿಲ್ಲ, ದೇವರಾಣೆ... ಇನ್ನೊಂದ್ ನಿಮಿಷ ಸಾಹುಕಾರ್ರೇ..." ಓನರು ನೆಲದ ಮೇಲೆ ಕೂತು, ಅದನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎಳೆಯತೊಡಗಿದರು. ಬೆರಳು ಸುಟ್ಟರೂ ನಿಲ್ಲಿಸಲಿಲ್ಲ. ಸಾಹುಕಾರರ ನಗು ನಿಂತುಹೋಯಿತು. ನಗುತ್ತಿದ್ದಾಗಲೇ ವಾಸಿಯಿತ್ತು.

ಬಸ್ಸಿನಲ್ಲಿ ಓನರು ಮೆಲ್ಲಗೆ ಹೇಳಿದರು: "ಮೇಲಿನದರ ನಡುವಿಗೆ ಒಂದು ಉಬ್ಬು ಇದ್ದಿದ್ರೆ ಅವರು ಬಡಿದ್ರೂ ಅಷ್ಟು ಕೆಳಗೆ ಇಳೀತಿರ್ಲಿಲ್ಲ."

"ಉಬ್ಬು ಕೊಡಿ ಮತ್ತೆ," ಎಂದೆ.

"ಒಂದಕ್ಕೆ ಮಾತ್ರ ಉಬ್ಬು ಅಂದ್ರೆ ಎರಡನೇ ಅಚ್ಚು ಕಣ್ರೀ..." ಎಂದು ಕಿಟಕಿಯ ಕಡೆ ತಿರುಗಿದರು.

ತಿಪಟೂರಿಗೆ ಹೊರಟ ದಿನ, ಕಚ್ಚಿಕೊಂಡೇ ಇದ್ದ ಫಿಲ್ಟರನ್ನು ನನ್ನ ಕೈಗಿಟ್ಟು, "ಬಿಟ್ಟುಕೊಂಡ ದಿನ ಒಂದು ಕಾಗದ ಹಾಕಿ," ಅಂದರು. ಕಾಗದ ಬಂದದ್ದು ಆ ಕಡೆಯಿಂದಲೇ, ಕಳೆದ ವಾರ, ಮೂಲೆಗೆ ಕಪ್ಪು ಮಸಿ ಹಚ್ಚಿಕೊಂಡು.

ಈಗ ಬಿಟ್ಟುಕೊಂಡರೂ ಯಾರಿಗೆ ಬರೆಯಲಿ? ಆದರೂ ಮೊನ್ನೆ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ ತಿರುಗಿಸಿ ನೋಡಿದೆ. ಎಲ್ಲಿ ಬಿಟ್ಟುಬಿಡುತ್ತದೋ ಎಂಬ ಚಿಂತೆಯೂ ಆಯಿತು.

ಬಿಡಲಿಲ್ಲ.