ಕೆಂಪುಗಣ್ಣಿನ ನುಸಿ ಸಾಕುವ ಸುಗಲಾಬಾಯಿ

ಸೊಲ್ಲಾಪುರದ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಂಪುಗಣ್ಣಿನ ನುಸಿ ಸಾಕುವ ಸುಗಲಾಬಾಯಿಗೆ ಕೂತಲ್ಲಿ ಕೂರಲಾಗದು. ನುಸಿಗಳನ್ನು ಬಿಟ್ಟ ಎಲೆಯ ಕೆಳಗಿನ ಒದ್ದೆ ಹತ್ತಿ ಒಣಗಿದರೆ ಅವು ಇಳಿದು ಓಡುತ್ತವೆಂದು ಭಾನುವಾರವೂ ಅಕ್ಕಲಕೋಟೆಯಿಂದ ಬಸ್ಸು ಹಿಡಿಯುತ್ತಾಳೆ. ಕಂಡಕ್ಟರನ ಕಣ್ಣನ್ನೂ ಬಿಡದೆ ದಿಟ್ಟಿಸುತ್ತಾಳೆ. "ಏನ್ ನೋಡ್ತಿ ಮಾವಶಿ?" ಎಂದರೆ, "ನಿನ್ನ ಕಣ್ಣು ಅವ್ವಂದೋ ಅಪ್ಪಂದೋ ನೋಡಾಕತ್ತೀನಿ, ನೀ ತಿಕೀಟ ಹರಿ" ಎನ್ನುತ್ತಾಳೆ. ಬಣ್ಣವಿಲ್ಲದ ಕಣ್ಣಿನ ನುಸಿ ಹುಟ್ಟಿದರೆ, ಕುಂಚದ ತುದಿಯಲ್ಲಿ ಎತ್ತಿ ಬೇರೆ ಎಲೆಗೆ ಬಿಡುವತನಕ ಚಹಾ ಮುಟ್ಟಳು. ಮೊನ್ನೆ ದುಧನಿಯ ಬೀಗತಿಯನ್ನೇ ಕರೆತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಬಿಳಿಗೂದಲಿನ, ತಿಳಿಗಣ್ಣಿನ ಕೂಸು ಹಡೆದಳೆಂದು ಸುಗಲಾಬಾಯಿಯ ಮಗಳನ್ನು ತವರಿಗೆ ಅಟ್ಟಿದವಳು ಆಕೆ. "ನೋಡ್ರಿ, ಹೆಣ್ಣು ನುಸಿಗಿ ಇಂಥಾ ಕಣ್ಣು ಬರಾಕ ಅವ್ವ ಒಬ್ಬಾಕಿ ಸಾಲೂದಿಲ್ಲ, ಅಪ್ಪನ ಕಡಿಂದನೂ ಬರಬೇಕು. ನಮ್ಮ ಕೂಸಿಂದೂ ಹಂಗ ರೀ." ಬೀಗತಿ ಮತ್ತೊಮ್ಮೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕೂಸು ಹುಟ್ಟಿದ ಆರು ತಿಂಗಳಲ್ಲಿ ಮೊದಲ ಸಲ ಅದರ ಬಗ್ಗೆ ಕೇಳಿದಳು: "ಅದಕ್ಕ ಕಣ್ಣು ಚಲೋ ಕಾಣ್ತಾವೇನ್ರಿ?"